ವೆಟ್ಟಿಸ್‌ಫೊಸೆನ್: ಕಟ್ಟಿಹಾಕದೆ ಬಿಟ್ಟ ಜಲಪಾತ

ನಾರ್ವೇಜಿಯನ್ ಭಾಷೆಯಲ್ಲಿ ‘ಫೊಸ್’ ಎಂದರೆ ಜಲಪಾತ, ‘ದಾಲ್’ ಎಂದರೆ ಕಣಿವೆ. ಪಶ್ಚಿಮ ನಾರ್ವೆಯ ಊಟ್ಲಾದಾಲೆನ್ ಕಣಿವೆಯಲ್ಲಿರುವ ವೆಟ್ಟಿಸ್‌ಫೊಸೆನ್ ಸುಮಾರು 275 ಮೀಟರ್ ಎತ್ತರದಿಂದ ಒಂದೇ ನೆಗೆತದಲ್ಲಿ ಧುಮುಕುತ್ತದೆ. ನಮ್ಮ ಜೋಗದ ಎತ್ತರ 253 ಮೀಟರ್. ಆದರೆ ಈ ಜಲಪಾತದ ಹಿರಿಮೆ ಅಳತೆಯಲ್ಲಿಲ್ಲ, ಅದರ ನೀರನ್ನು ಯಾರೂ ತಡೆದಿಲ್ಲ ಎಂಬುದರಲ್ಲಿದೆ.

ಚಾರಣಕ್ಕೆ ಹೊರಡುವವರು ಮೊದಲು ಓವ್ರೆ ಓರ್ದಾಲ್ ಎಂಬ ಪಟ್ಟಣವನ್ನು ಸೇರಬೇಕು. ಬೆಟ್ಟದ ನೀರಿನಿಂದ ವಿದ್ಯುತ್ ತೆಗೆದು ಅಲ್ಯೂಮಿನಿಯಂ ತಯಾರಿಸುವ ಊರಿದು. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಯೆಲ್ಲೆಯಲ್ಲಿ ವಾಹನಗಳನ್ನು ನಿಲ್ಲಿಸಿ ನಡೆಯಬೇಕು. ಊಟ್ಲಾ ನದಿಯ ಪಕ್ಕದ ಅಗಲವಾದ ದಾರಿ ಹಳೆಯ ವೆಟ್ಟಿ ಹೊಲಮನೆಯವರೆಗೆ ಸಾಗುತ್ತದೆ. ಜಲಪಾತದ ಹೆಸರಿನಲ್ಲಿರುವುದು ಈ ಮನೆಯ ಹೆಸರೇ. ಮುಂದಿನದು ಕಲ್ಲುಬಂಡೆಗಳ ಕಿರುದಾರಿ. ಹೋಗಿಬರಲು ಒಟ್ಟು ಸುಮಾರು ಹನ್ನೆರಡು ಕಿಲೋಮೀಟರ್, ನಾಲ್ಕೈದು ಗಂಟೆ. ಹಿಡಿತವಿರುವ ಬೂಟು, ಮಳೆಯಂಗಿ ಅವಶ್ಯ. ಕೊನೆಯ ಬಂಡೆಗಳು ತುಂತುರಿನಿಂದ ಸದಾ ಜಾರುತ್ತವೆ. ಹಿಮ ಕರಗುವ ಜೂನ್ ತಿಂಗಳಲ್ಲಿ ನೀರು ಭರ್ತಿಯಾಗಿರುತ್ತದೆ.

ನಾನು ಹೋದದ್ದು ಅಂತಹ ಒಂದು ಜೂನ್‌ನಲ್ಲಿ. ಬುಡಕ್ಕೆ ತಲುಪುವ ಮೊದಲೇ ಗಾಳಿ ನೀರಿನ ಹುಡಿಯನ್ನು ಮುಖಕ್ಕೆರಚಿತು. ಜೊತೆಯವರ ಮಾತು ಕೇಳಿಸಲಿಲ್ಲ. ಟಿಕೆಟ್ಟಿಲ್ಲ, ಕಟಕಟೆಯಿಲ್ಲ. ಸಾಗುವಳಿಯಾಗದ ನೆಲದಲ್ಲಿ, ಅದರ ಒಡೆಯರು ಯಾರೇ ಇರಲಿ, ಎಲ್ಲರೂ ನಡೆಯಬಹುದೆಂಬ ಪುರಾತನ ರೂಢಿಯನ್ನು ಈ ದೇಶ 1957ರಲ್ಲಿ ಕಾನೂನಾಗಿಸಿತು.

ತನ್ನ ವಿದ್ಯುತ್ತಿನ ಬಹುಪಾಲನ್ನು ನೀರಿನಿಂದಲೇ ಪಡೆಯುವ ನಾರ್ವೆಯಲ್ಲಿ ಇಂತಹ ಧಾರೆ ಉಳಿದದ್ದು ಆಕಸ್ಮಿಕವಲ್ಲ. 1924ರಲ್ಲಿಯೇ ವೆಟ್ಟಿಸ್‌ಫೊಸೆನ್‌ಗೆ ಕಾನೂನಿನ ರಕ್ಷಣೆ ದೊರಕಿತು. ಇದಕ್ಕಿಂತ ಎತ್ತರದ ಮಾರ್ದಾಲ್ಸ್‌ಫೊಸೆನ್‌ಗೆ ಆ ಭಾಗ್ಯವಿರಲಿಲ್ಲ. 1970ರಲ್ಲಿ ತತ್ತ್ವಜ್ಞಾನಿ ಆರ್ನೆ ನೆಸ್ ಸೇರಿದಂತೆ ನೂರಾರು ಜನ ಅಲ್ಲಿ ಕುಳಿತು ಪ್ರತಿಭಟಿಸಿದರು. ಪೊಲೀಸರು ಅವರನ್ನು ಎತ್ತಿ ಸಾಗಿಸಿದರು. ಇಂದು ಅದರ ನೀರು ವಿದ್ಯುದಾಗಾರಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ, ಜೂನ್ 20ರಿಂದ ಆಗಸ್ಟ್ 20ರವರೆಗೆ ಮಾತ್ರ, ಪ್ರವಾಸಿಗರಿಗಾಗಿ ನೀರು ಬಿಡುತ್ತಾರೆ.

ಲಿಂಗನಮಕ್ಕಿ ಅಣೆಕಟ್ಟಿನ ನಂತರದ ಜೋಗವನ್ನು ಬಲ್ಲ ನಮಗೆ ಈ ವ್ಯತ್ಯಾಸವನ್ನು ವಿವರಿಸಬೇಕಿಲ್ಲ. ನಮ್ಮ ಮನೆಗಳಲ್ಲಿ ದೀಪ ಹೊತ್ತಿಸಿದ್ದು ಶರಾವತಿಯೇ. ಆ ಋಣವನ್ನು ಮರೆಯಲಾಗದು. ಹಾಗೆಂದು ಪ್ರತಿಯೊಂದು ನದಿಯಿಂದಲೂ ಅದೇ ದುಡಿಮೆಯನ್ನು ನಿರೀಕ್ಷಿಸಬೇಕಿಲ್ಲ. ಕಾರ್ಖಾನೆಯ ಊರಿನ ಪಕ್ಕದಲ್ಲಿಯೇ ಒಂದು ಹೊಳೆಯನ್ನು ಅದರ ಪಾಡಿಗೆ ಬಿಡಬಹುದೆಂಬುದಕ್ಕೆ ವೆಟ್ಟಿಸ್‌ಫೊಸೆನ್ ಸಾಕ್ಷಿ. ಅಲ್ಲಿಗೆ ಹೋಗಲು ಪಂಚಾಂಗ ನೋಡಬೇಕಾದದ್ದು ಹಿಮ ಕರಗುವ ಕಾಲಕ್ಕಾಗಿ, ಗೇಟು ತೆರೆಯುವ ದಿನಕ್ಕಾಗಿ ಅಲ್ಲ.