ಕವಲುದಾರಿ

ಒಂದೇ ದಾರಿ ಮುಂದೆ ಎರಡಾಗಿಯೋ ಮೂರಾಗಿಯೋ ಒಡೆಯುವ ಜಾಗ ಕವಲುದಾರಿ. ಕವಲು ಎಂದರೆ ಮರದ ಕೊಂಬೆ ಟಿಸಿಲೊಡೆಯುವ ಕಡೆ. ನದಿಗೂ ಇದೇ ಮಾತು: ಶಿವನಸಮುದ್ರದ ಬಳಿ ಕಾವೇರಿ ಎರಡು ಕವಲಾಗಿ, ಗಗನಚುಕ್ಕಿಯಲ್ಲಿ ಒಂದು, ಭರಚುಕ್ಕಿಯಲ್ಲಿ ಇನ್ನೊಂದು ಧುಮುಕುತ್ತದೆ.

ದಾರಿಗಳು ಒಂದನ್ನೊಂದು ಹಾದುಹೋಗುವ ಜಾಗಕ್ಕೆ ಬೇರೆ ಹೆಸರುಗಳಿವೆ: ಕೂಡುರಸ್ತೆ, ಚೌಕ, ಸರ್ಕಲ್. ಹೆದ್ದಾರಿಯಲ್ಲಿ ಅದು ‘ಕ್ರಾಸ್’. ಊರು ಎರಡು ಮೈಲಿ ಒಳಗೆ. ಬಸ್ಸು ನಿಲ್ಲುವುದು ಊರಿನ ಕ್ರಾಸಿನಲ್ಲಿ. ಒಂದು ಚಹಾದಂಗಡಿ, ಅಕ್ಷರ ಮಾಸಿದ ಮೈಲಿಗಲ್ಲು, ಚೀಲ ಹಿಡಿದು ಆಟೋ ಕಾಯುವ ಅಜ್ಜಿ. ಮೂರು ದಾರಿ ಕೂಡುವಲ್ಲಿ ದೃಷ್ಟಿ ತೆಗೆದು ಬಿಸಾಡಿದ ನಿಂಬೆಹಣ್ಣು, ಮೆಣಸಿನಕಾಯಿ. ಅದನ್ನು ತುಳಿಯದೆ ಬಳಸಿ ಹೋಗುವ ಕಾಲುಗಳು.

ಬದುಕಿನ ಮಾತಿಗೆ ಮಾತ್ರ ಕನ್ನಡ ಆರಿಸಿಕೊಂಡದ್ದು ಕವಲುದಾರಿಯನ್ನು. ಸೊಗಸಾದ ಆಯ್ಕೆ. ಕೂಡುರಸ್ತೆಯಲ್ಲಿ ನೇರ ಹೋಗಿಬಿಡಬಹುದು. ಕವಲಿನಲ್ಲಿ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕು. ಮುಂದೇನು ಓದುವುದೆಂದು ಯೋಚಿಸುವ ಪಿಯುಸಿ ಹುಡುಗಿ, ಜಮೀನು ಮಾರುವುದೋ ಉಳುವುದೋ ಎಂದು ಕುಳಿತ ರೈತ, ಇಬ್ಬರೂ ಕವಲುದಾರಿಯಲ್ಲಿ ನಿಂತವರೇ. 2019ರ ‘ಕವಲುದಾರಿ’ ಸಿನಿಮಾದ ನಾಯಕ ಟ್ರಾಫಿಕ್ ಪೊಲೀಸ್. ಆ ಶೀರ್ಷಿಕೆಗೆ ರಸ್ತೆಯದು, ಬದುಕಿನದು ಎರಡೂ ಅರ್ಥಗಳು ಒಗ್ಗುತ್ತವೆ.

ಅಡ್ಡದಾರಿಯ ಕಥೆ ಬೇರೆ. ‘ಅಡ್ಡದಾರಿ ಹಿಡಿದ’ ಎಂದರೆ ಆಯ್ಕೆ ಆಗಲೇ ಮುಗಿದಿದೆ, ಅದೂ ತಪ್ಪಾಗಿ.