ರಸಮೇವಿನ ಹುಳಿಯೂ ಹಸುವಿನ ಅರುಚಿಯೂ

ರೇಷ್ಮೆ, ಹಾಲು, ಚಿನ್ನ ಎಂಬ ಮೂರು ಸಂಪತ್ತುಗಳಿಂದ ಪ್ರಖ್ಯಾತವಾಗಿದ್ದ ಕೋಲಾರ ಸೀಮೆಯಲ್ಲಿ ಕೊನೆಯದು 2001ರಲ್ಲಿ ಗಣಿಗಳು ಮುಚ್ಚಿದೊಡನೆ ಅಸ್ತಂಗತವಾಯಿತು. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಎಂಬ ಹೆಸರುಗಳು ಈಗ ಜನವಸತಿಗಳ ವಿಳಾಸಗಳಾಗಿ ಉಳಿದಿವೆ. ಹಾಲು ಮಾತ್ರ ಬತ್ತಲಿಲ್ಲ. ಎಂ. ವಿ. ಕೃಷ್ಣಪ್ಪನವರೇ ಮೊದಲಾದ ಹಿರಿಯರ ಪರಿಶ್ರಮದಿಂದ ಈ ನೆಲದಲ್ಲಿ ಬೇರೂರಿದ ಸೀಮೆಹಸುವಿನ ಸಾಕಣೆಯು ಬಂಗಾರಪೇಟೆಯ ಸುತ್ತಣ ಹಳ್ಳಿಗಳ ಡೇರಿಗಳಿಗೆ ಬೆಳಗು ಬೈಗು ಜನರನ್ನು ಸೆಳೆಯುತ್ತಲೇ ಇದೆ. ಆದರೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ, ಹಸುರು ಮೇವೆಂಬುದು ಎಷ್ಟೋ ಕಡೆ ಸಾವಿರ ಅಡಿಗೂ ಮೀರಿ ಕೊರೆದ ಬೋರ್‌ವೆಲ್ಲಿನ ನೀರಿನ ರೂಪಾಂತರವೇ ಆಗಿರುವುದರಿಂದ, ಸಮೃದ್ಧಿಯ ಕಾಲದ ಮೇವನ್ನು ಬೇಸಗೆಗೆ ಕಾದಿಡುವ ರಸಮೇವು, ಅರ್ಥಾತ್ ಸೈಲೇಜ್, ಇಲ್ಲಿಯ ರೈತನಿಗೆ ಬಹು ಬೆಲೆಯುಳ್ಳ ವಸ್ತು. ಹಸು ಅದನ್ನು ಮೂಸಿ ಮುಖ ತಿರುಗಿಸಿತೆಂದರೆ ಆ ನೀರೂ ವ್ಯರ್ಥವಾಯಿತೆಂದೇ ಲೆಕ್ಕ.

ವಿಧಾನವು ಬಲ್ಲವರಿಗೆ ಸರಳ. ಮುಸುಕಿನ ಜೋಳದ ಹಾಲುಗಾಳು ಗಟ್ಟಿಯಾಗತೊಡಗಿದ ಹದದಲ್ಲಿ, ಎಂದರೆ ಬೆಳೆಯಲ್ಲಿ ನೂರಕ್ಕೆ 30ರಿಂದ 35ರಷ್ಟು ಒಣಪದಾರ್ಥ ಕೂಡಿದಾಗ, ಕೊಯ್ದು, ಯಂತ್ರದಲ್ಲಿ ಸಣ್ಣಗೆ ಕತ್ತರಿಸಿ, ಗುಂಡಿಯಲ್ಲಾಗಲಿ ಚೀಲದಲ್ಲಾಗಲಿ ಗಾಳಿಯಾಡದಂತೆ ಅದುಮಿ ಮುಚ್ಚಿಟ್ಟರೆ, ಹಾಲನ್ನು ಮೊಸರಾಗಿಸುವ ಬಳಗಕ್ಕೇ ಸೇರಿದ ಬ್ಯಾಕ್ಟೀರಿಯಗಳು ಮೇವಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಪಿಎಚ್ ಮಾನವು 4ರ ಸಮೀಪಕ್ಕೆ ಇಳಿದ ಮೇಲೆ ಕೊಳೆಸುವ ಜೀವಿಗಳಿಗೆ ಅಲ್ಲಿ ಆಸ್ಪದವಿರದು. ಈ ಇಳಿಕೆಗೆ ಕಾಯದೆ ಮೇವಿಗೆ ನೇರವಾಗಿಯೇ ಆಮ್ಲವನ್ನು ಬೆರೆಸುವ ಉಪಾಯವನ್ನು ಕಂಡುಹಿಡಿದ ಫಿನ್ಲೆಂಡಿನ ರಸಾಯನವಿಜ್ಞಾನಿ ಎ. ಐ. ವಿರ್ಟಾನೆನ್ನರಿಗೆ 1945ರಲ್ಲಿ ನೊಬೆಲ್ ಪಾರಿತೋಷಕವು ದೊರಕಿತು. ಕೊಟ್ಟಿಗೆಯ ವಿಷಯಕ್ಕೆ ಇಂತಹ ಮನ್ನಣೆ ಸಂದುದು ಅಪರೂಪ.

ಆದರೆ ಮೇವು ಕೆಡದೆ ಉಳಿಯುವುದು ಬೇರೆ, ಹಸು ಅದನ್ನು ಮೆಚ್ಚಿ ತಿನ್ನುವುದು ಬೇರೆ. ಒಂದೇ ಹುಲ್ಲನ್ನು ಹಸಿಯಾಗಿ ಕೊಟ್ಟಾಗ ತಿನ್ನುವಷ್ಟನ್ನು ರಸಮೇವಾಗಿ ಕೊಟ್ಟಾಗ ದನಗಳು ಸಾಮಾನ್ಯವಾಗಿ ತಿನ್ನವೆಂಬುದು ವಿಜ್ಞಾನಿಗಳಿಗೆ ಬಹುಕಾಲದಿಂದ ಗೊತ್ತು. ಕಾರಣವನ್ನು ಅರಸುತ್ತ ಅವರು ಹುದುಗಿನಿಂದ ಹುಟ್ಟುವ ಆಮ್ಲಗಳನ್ನು ಬಿಡಿಬಿಡಿಯಾಗಿ ಮೇವಿಗೆ ಬೆರೆಸಿಯೂ, ಮೆಲುಕುಹೊಟ್ಟೆಗೆ ನೇರವಾಗಿ ಸುರಿದೂ ಪರೀಕ್ಷಿಸಿದರು. ದೊರೆತ ಉತ್ತರ ಏಕಮುಖವಾಗಿಲ್ಲ. ಲ್ಯಾಕ್ಟಿಕ್ ಆಮ್ಲವು ಮಿತದಲ್ಲಿದ್ದರೆ ಬಾಧಕವಲ್ಲ. ಮೆಲುಕುಹೊಟ್ಟೆಯ ಜೀವಿಗಳು ಅದರ ಬಹುಭಾಗವನ್ನು ಪ್ರೊಪಿಯೋನಿಕ್ ಆಮ್ಲವಾಗಿಸಿ, ಯಕೃತ್ತು ಅದರಿಂದ ಸಕ್ಕರೆಯನ್ನು ತಯಾರಿಸಿ, ಕಡೆಗದು ಹಾಲಿಗೆ ಒದಗುತ್ತದೆ. ವಿನೆಗರಿನಲ್ಲಿರುವ ಅಸೆಟಿಕ್ ಆಮ್ಲವು ಮಿತಿಮೀರಿದಾಗ ಮೇಯುವುದು ಕುಗ್ಗುತ್ತದೆ; ಆದರೂ ಗುಂಡಿ ತೆರೆದ ಮೇಲೆ ಬೂಷ್ಟನ್ನು ತಡೆಯುವುದೂ ಅದೇ ಆದುದರಿಂದ ಅದನ್ನು ಪೂರ್ಣವಾಗಿ ದೂಷಿಸುವುದು ನ್ಯಾಯವಲ್ಲ. ಕಮಟು ಬೆಣ್ಣೆಯ ನಾತವುಳ್ಳ ಬ್ಯುಟಿರಿಕ್ ಆಮ್ಲದ ಪರವಾಗಿ ಹೇಳತಕ್ಕ ಮಾತು ಒಂದೂ ಇಲ್ಲ. ತೀರ ಹಸಿಯಾದ, ಮಣ್ಣು ಬೆರೆತ ಮೇವಿನಲ್ಲಿ ಕ್ಲಾಸ್ಟ್ರೀಡಿಯಗಳೆಂಬ ಜೀವಿಗಳು ತಲೆಯೆತ್ತಿ, ಉಪಕಾರಿಯಾದ ಲ್ಯಾಕ್ಟಿಕ್ ಆಮ್ಲವನ್ನೇ ಉಂಡು ಇದನ್ನು ಉತ್ಪಾದಿಸುತ್ತವೆ. ಸಾಲದೆಂಬಂತೆ ಪ್ರೋಟೀನನ್ನು ಒಡೆದು ಅಮೋನಿಯವನ್ನೂ, ಹಿಸ್ಟಮೀನ್ ಮೊದಲಾದ ಅಮೀನುಗಳನ್ನೂ ಮೇವಿನಲ್ಲಿ ಬಿಡುತ್ತವೆ. ಒಟ್ಟು ಸಾರಜನಕದಲ್ಲಿ ಅಮೋನಿಯದ ಪಾಲು ನೂರಕ್ಕೆ 10ನ್ನು ದಾಟಿದ ಮೇವನ್ನು ಪರೀಕ್ಷಕರು ಸಂಶಯದಿಂದಲೇ ನೋಡುತ್ತಾರೆ. ಅಮೋನಿಯವೇ ಅಪರಾಧಿಯೋ, ಕೆಟ್ಟ ಹುದುಗಿನ ಸಾಕ್ಷಿಯಷ್ಟೆಯೋ ಎಂಬ ವಾದವುಂಟು; ಸಾಕ್ಷಿಯೆಂಬ ಪಕ್ಷವೇ ನನಗೆ ಬಲವಾಗಿ ತೋರುತ್ತದೆ, ಏಕೆಂದರೆ ಈ ಪದಾರ್ಥಗಳು ಒಟ್ಟೊಟ್ಟಿಗೇ ಹುಟ್ಟತಕ್ಕವು.

ಲೆಕ್ಕವನ್ನೂ ನೋಡಬಹುದು. 400 ಕಿಲೋ ತೂಗುವ ಕರೆಯುವ ಸೀಮೆಹಸುವಿಗೆ ದಿನಕ್ಕೆ ಸುಮಾರು 12 ಕಿಲೋ ಒಣಪದಾರ್ಥ ಬೇಕು. 20 ಕಿಲೋ ರಸಮೇವಿನಿಂದ ದೊರೆಯುವುದು ಆರೇಳು ಕಿಲೋ. ಉಳಿದುದಕ್ಕೆ ಹಿಂಡಿ, ಬೂಸಾಗಳ ಜತೆಗೆ ಬಣವೆಯ ರಾಗಿಹುಲ್ಲು ಇದ್ದೇ ಇದೆ. ಅದು ಮೆಲುಕನ್ನು ಹೆಚ್ಚಿಸಿ, ಜೊಲ್ಲಿನ ಕ್ಷಾರದಿಂದ ರಸಮೇವಿನ ಹುಳಿಯನ್ನು ಶಮನಗೊಳಿಸುವುದರಿಂದ ಎರಡನ್ನೂ ಬೆರೆಸಿ ಕೊಡುವುದೇ ಲೇಸು. ತೆರೆದ ಗುಂಡಿಗೆ ಗಾಳಿ ನುಗ್ಗಿದಲ್ಲಿ ಯೀಸ್ಟುಗಳು ಎಚ್ಚೆತ್ತು ಮೇವು ಬಿಸಿಯೇರುತ್ತದೆ, ಬಿಸಿಯಾದುದನ್ನು ಹಸು ಒಲ್ಲದು. ಆದಕಾರಣ ಪ್ರತಿದಿನವೂ ಒಂದು ಪದರವನ್ನು ಪೂರ್ತಿಯಾಗಿ ತೆಗೆದು ಮತ್ತೆ ಮುಚ್ಚತಕ್ಕದ್ದು.

ಗೋದಲಿಯಲ್ಲಿ ಮೇವು ಉಳಿದಿದ್ದರೆ ಹಸುವನ್ನು ಗದರಬೇಡಿರಿ. ಒಂದು ಹಿಡಿಯನ್ನು ಎತ್ತಿ ಮೂಸಿ ನೋಡಿರಿ. ಹುಳಿಮೊಸರಿನ ವಾಸನೆಯಾದರೆ ಹೊಸ ರುಚಿ ಒಗ್ಗಲು ಕೆಲವು ದಿನ ಕೊಡಿರಿ; ಮೂಗಿಗೆ ಚುಚ್ಚುವ ವಿನೆಗರಿನ ಘಾಟಾದರೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ ರಾಗಿಹುಲ್ಲಿನೊಡನೆ ಬೆರೆಸಿರಿ; ಕಮಟು ಬೆಣ್ಣೆಯ ನಾತವಾಗಲಿ ಬೂಷ್ಟಾಗಲಿ ಇದ್ದರೆ, ಎಷ್ಟೇ ಬೆಲೆ ತೆತ್ತಿದ್ದರೂ ತಿಪ್ಪೆಗೆ ಸುರಿಯಿರಿ.