ತಂತಿಯಿಂದ ಉಕ್ಕನ್ನು ಕೊಯ್ಯುವ ವಿದ್ಯೆ

ನಮ್ಮ ತಾಳವಾಡಿ ಸೀಮೆಯಲ್ಲಿ ಕೊಳವೆಬಾವಿಯ ಮೋಟಾರನ್ನು ಕಾಣದ ಬಾಲಕನಿಲ್ಲ. ಆದರೆ ಅದರ ಒಡಲನ್ನು ಬಿಚ್ಚಿ ನೋಡಿದವರು ವಿರಳ. ಅದರೊಳಗೆ ಸುಮಾರು ಅರ್ಧ ಮಿಲಿಮೀಟರು ದಪ್ಪದ ಉಕ್ಕಿನ ತಗಡುಗಳು ಒಂದರ ಮೇಲೊಂದು ಜೋಡಿಸಲ್ಪಟ್ಟಿರುತ್ತವೆ. ಎಲ್ಲಕ್ಕೂ ಒಂದೇ ಅಳತೆಯ ಹಲ್ಲುಗಳು. ಇವನ್ನು ಒತ್ತಿ ಕತ್ತರಿಸುವ ಅಚ್ಚಿಗೆ ಕಾರ್ಖಾನೆಯವರು ಡೈ ಎನ್ನುವರು. ಡೈ ಎಂಬುದು ತಗಡಿಗಿಂತ ಬಹಳ ಗಡುಸಾದ, ಹದಗೊಳಿಸಿದ ಉಕ್ಕು. ಹಾಗಾದರೆ ಆ ಡೈಯನ್ನು ಕೊರೆಯುವ ಆಯುಧ ಯಾವುದು?

ಹೊಲಿಗೆಯ ದಾರದಷ್ಟು ಸಣ್ಣದಾದ ಹಿತ್ತಾಳೆಯ ತಂತಿ ಎಂದರೆ ಆಶ್ಚರ್ಯವಾದೀತು. ಆ ಯಂತ್ರಕ್ಕೆ ವೈರ್‌ಕಟ್ ಎಂಬುದು ರೂಢಿಯ ಹೆಸರು. ಬೆಂದ ಮೊಟ್ಟೆಯನ್ನು ದಾರದಿಂದ ಸೀಳುವುದನ್ನು ಮಕ್ಕಳು ಕಂಡಿರುವರು. ಇಲ್ಲಿ ವಿಶೇಷವೆಂದರೆ ತಂತಿಯು ಉಕ್ಕನ್ನು ಮುಟ್ಟುವುದೇ ಇಲ್ಲ. ಎರಡರ ನಡುವಣ ಕೂದಲೆಳೆಗಿಂತ ಕಿರಿದಾದ ಸಂದಿನಲ್ಲಿ, ಲವಣಾಂಶವನ್ನು ತೆಗೆದ ನೀರು ಹರಿಯುತ್ತಿರುತ್ತದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ವಿದ್ಯುತ್ ಕಿಡಿಗಳು ಸಿಡಿಯುತ್ತವೆ. ಪ್ರತಿಯೊಂದು ಕಿಡಿಯೂ ಉಕ್ಕಿನ ಒಂದು ಕಣವನ್ನು ಕರಗಿಸಿ ಆವಿಯಾಗಿಸುತ್ತದೆ. ನೀರು ಆ ಕಸವನ್ನು ತೊಳೆದೊಯ್ಯುತ್ತದೆ. ಕಿಡಿಯಿಂದ ತಂತಿಯೂ ಸವೆಯುವುದರಿಂದ ಸುರುಳಿಯಿಂದ ಹೊಸ ತಂತಿ ಎಡೆಬಿಡದೆ ಇಳಿದು ಬರುತ್ತದೆ.

ಇದರ ಮೂಲತತ್ತ್ವವನ್ನು ೧೯೪೩ರಲ್ಲಿ ಮಾಸ್ಕೋದಲ್ಲಿ ಕಂಡುಕೊಂಡವರು ಲಜರೆಂಕೊ ದಂಪತಿಗಳು. ವಿದ್ಯುತ್ ಸ್ವಿಚ್ಚಿನ ತುದಿಗಳು ಕಿಡಿಯಿಂದ ಸವೆಯುವುದನ್ನು ತಡೆಯಲು ಅವರು ಶೋಧನೆಗೆ ತೊಡಗಿದ್ದರು. ಕಡೆಗೆ ಆ ಸವೆತವನ್ನೇ ಲೋಹವನ್ನು ಕೊರೆಯುವ ಸಾಧನವಾಗಿ ಮಾಡಿದರು. ಅಂಕಿಗಳ ಆಜ್ಞೆಯಂತೆ ನಡೆಯುವ ತಂತಿಯ ಯಂತ್ರವನ್ನು ೧೯೬೯ರಲ್ಲಿ ಸ್ವಿಟ್ಜರ್ಲೆಂಡಿನ ಆಜಿ ಸಂಸ್ಥೆಯು ಹೊರತಂದಿತು.

ಹೊಸ ಯಂತ್ರದ ಬೆಲೆ ಸಣ್ಣ ಕಾರ್ಖಾನೆಗೆ ಎಟುಕುವಂಥದಲ್ಲ. ಆದುದರಿಂದ ಅನೇಕರು ಬಳಸಿದ ಯಂತ್ರವನ್ನು ಕೊಳ್ಳುವರು, ಕೆಲಸಕ್ಕೆ ಸೇರಿದ ತರುಣನೂ ಅದರಲ್ಲಿಯೇ ಕೈ ಪಳಗಿಸಬೇಕಾಗುತ್ತದೆ. ಎತ್ತನ್ನು ಕೊಳ್ಳುವ ರೈತನು ಹಲ್ಲನ್ನೂ ಗೊರಸನ್ನೂ ನೋಡುವಂತೆ ಇಲ್ಲಿಯೂ ಪರೀಕ್ಷೆಗೆ ಒಂದು ಕ್ರಮವುಂಟು. ನಿಯಂತ್ರಕದ ನೆನಪನ್ನು ಕಾಯುವ ಬ್ಯಾಟರಿ ಸತ್ತರೆ ಯಂತ್ರದ ಅಂಕಿಗಳೆಲ್ಲ ಅಳಿಸಿಹೋಗಬಹುದು. ಆದಕಾರಣ ಮೊದಲು ಅವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು. ಬಳಿಕ ನೀರಿನ ಶೋಧಕವನ್ನು ನೋಡಬೇಕು. ಆಮೇಲೆ ತಂತಿಯನ್ನು ಮೇಲೆ ಕೆಳಗೆ ಹಿಡಿದು ನಡೆಸುವ ಗೈಡುಗಳು ಸವೆದಿವೆಯೇ, ತಂತಿಯು ಲಂಬವಾಗಿದೆಯೇ ಎಂಬುದನ್ನು ಪರೀಕ್ಷಿಸಬೇಕು. ಕೊನೆಗೆ ಚೌಕಾಕಾರದ ತುಂಡೊಂದನ್ನು ಕೊಯ್ದು, ಅದರ ಮೇಲ್ಭಾಗ, ನಡುಭಾಗ, ಕೆಳಭಾಗಗಳನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಅಳತೆಗಳಲ್ಲಿನ ವ್ಯತ್ಯಾಸವೇ ಯಂತ್ರದ ದೋಷವನ್ನು ಹೇಳುತ್ತದೆ.

ಕಲಿಯುವವನಿಗೆ ತಂತಿಯು ಪದೇ ಪದೇ ಕಡಿಯುವುದೇ ಮೊದಲ ಕಾಟ. ನೀರು ಕೊಳಕಾಗಿರಬಹುದು, ಗೈಡು ಸವೆದಿರಬಹುದು, ತಂತಿಯ ಬಿಗಿತ ತಪ್ಪಿರಬಹುದು, ಇಲ್ಲವೇ ಅವಸರದಿಂದ ವಿದ್ಯುತ್ತನ್ನು ಹೆಚ್ಚಿಸಿರಬಹುದು. ಒಮ್ಮೆಗೆ ಒಂದೇ ಕಾರಣವನ್ನು ಸರಿಪಡಿಸಿ ಫಲವನ್ನು ನೋಡಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿದವನಿಗೆ ನಿಜವಾದ ಕಾರಣ ತಿಳಿಯದು. ಕಿಡಿಯುವಾಗ ತಂತಿಯನ್ನು ಕೈಯಿಂದ ಮುಟ್ಟಲೇಬಾರದು. ಕೊಯ್ತ ಮುಗಿಯುವಾಗ ಒಳಗಿನ ತುಂಡು ಬಿದ್ದು ಕೆಳಗಿನ ಭಾಗವು ಒಡೆಯದಂತೆ ಅಯಸ್ಕಾಂತದಿಂದ ಅದನ್ನು ಹಿಡಿದಿಡಬೇಕು.

ಇನ್ನು ಲೆಕ್ಕದ ಮಾತು. ತಂತಿಯ ವ್ಯಾಸ ೦.೨೫ ಮಿಲಿಮೀಟರು ಎನ್ನೋಣ, ಅರ್ಧ ೦.೧೨೫. ಕಿಡಿಯ ಸಂದು ೦.೦೨೫ ಆದರೆ ಒಟ್ಟು ೦.೧೫. ಬಾಹು ೨೦ ಮಿಲಿಮೀಟರಿರುವ ಚೌಕದ ರಂಧ್ರ ಬೇಕಾದರೆ ತಂತಿಯ ನಡುಗೆರೆಯು ಪ್ರತಿ ಬದಿಯಲ್ಲಿಯೂ ೦.೧೫ ಒಳಗೆ ಸರಿಯಬೇಕು; ಅಂದರೆ ೧೯.೭ ಮಿಲಿಮೀಟರಿನ ಚೌಕದಲ್ಲಿ ನಡೆಯಬೇಕು. ಇದನ್ನು ಮರೆತರೆ ರಂಧ್ರವು ೨೦.೩ ಆಗುತ್ತದೆ, ಬೆಲೆಬಾಳುವ ಉಕ್ಕು ಗುಜರಿಗೆ ಹೋಗುತ್ತದೆ. ಯಂತ್ರಕ್ಕೆ ಕೊಡುವ ಆಜ್ಞೆಗಳಾದರೂ ಅಷ್ಟೆ: ಜಿ-೦೧ ಎಂದರೆ ಸರಳರೇಖೆ, ಜಿ-೦೨ ಎಂದರೆ ಗಡಿಯಾರದ ಮುಳ್ಳಿನ ದಿಕ್ಕಿನ ಕಂಸ, ಜಿ-೦೩ ಎಂದರೆ ಅದಕ್ಕೆ ವಿರುದ್ಧ ದಿಕ್ಕಿನ ಕಂಸ. ಇವೆಲ್ಲವೂ ಶಾಲೆಯ ರೇಖಾಗಣಿತವಲ್ಲದೆ ಬೇರೇನು?

ಜೀರಹಳ್ಳಿಯ ತಂದೆತಾಯಿಗಳಲ್ಲಿ ಒಂದು ಅಳುಕುಂಟು: ಕನ್ನಡದಲ್ಲಿ ಓದಿದ ಮಗನು ದಿಂಬದ ಘಟ್ಟವಿಳಿದು ಕೊಯಮತ್ತೂರಿಗೆ ಹೋದರೆ, ಇಲ್ಲವೇ ಬೆಂಗಳೂರಿನ ಪೀಣ್ಯವನ್ನು ಸೇರಿದರೆ, ಯಂತ್ರದ ಮುಂದೆ ನಿಲ್ಲಬಲ್ಲನೇ ಎಂದು. ಯಂತ್ರದ ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ತ್ರಿಜ್ಯವೆಂದರೇನು, ದಶಮಾಂಶವೆಂದರೇನು ಎಂಬುದನ್ನು ಅರಿಯದವನಿಗೆ ಮಾತ್ರ ಯಾವ ಭಾಷೆಯೂ ನೆರವಾಗದು. ಅದನ್ನು ತಾಯ್ನುಡಿಯಲ್ಲಿ ಅರಿತವನ ಬುನಾದಿ ಗಟ್ಟಿ. ೧೯೭೨ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಹತ್ತನೆಯ ತರಗತಿ ಮುಗಿಸಿದವರಿಗೆ ಡೈ ತಯಾರಿಕೆಯ ಡಿಪ್ಲೊಮಾವನ್ನು ಕಲಿಸುತ್ತದೆ. ಪ್ರವೇಶದ ನಿಯಮಗಳನ್ನು ಪೋಷಕರು ಮುಂಚಿತವಾಗಿ ವಿಚಾರಿಸುವುದು ಲೇಸು.

ವಿದ್ಯಾರ್ಥಿಗಳೇ, ಇಂದು ನಿಮ್ಮ ಕೈಯಲ್ಲಿರುವ ಕೈವಾರ, ಅಳತೆಪಟ್ಟಿಗಳನ್ನು ಅಸಡ್ಡೆ ಮಾಡಬೇಡಿರಿ. ಅವುಗಳಿಂದ ನಿಖರವಾಗಿ ಗೆರೆಯೆಳೆಯಲು ಕಲಿತವನಿಗೆ ನಾಳೆ ತಂತಿಯಿಂದ ಉಕ್ಕನ್ನು ಕೊಯ್ಯುವುದೂ ಕೈಗೂಡುವುದು.